ಅಲ್ ಖೋಬರಿನ ರಾಜಪ್ರತಿನಿಧಿ

ನನ್ನ ಹೆಂಡತಿಯ ಅಣ್ಣ ಚೀನಾ ದೇಶವನ್ನು ಆಳುತ್ತಾರೆ. ಅದೂ ಸೌದಿಯ ಅಲ್ ಖೋಬರಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಿಂದ! ನಗಬೇಡಿ. ನನಗೆ ದೂರದ ಬುರೈದಾದ ಖರ್ಜೂರದ ಗೋದಾಮಿನಲ್ಲಿ ಕೆಲಸ, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ನಾನಿಲ್ಲದಾಗ ಹೆಂಡತಿಗೆ ಜೊತೆಯಾಗಿ ಮೂರು ವರ್ಷದ ಮಗನನ್ನು ಆಡಿಸುವವರು, ಉಣಿಸುವವರು, ಇಲ್ಲೇ ಒಂದು ಕಂಪನಿಯಲ್ಲಿರುವ, ಮದುವೆಯಾಗದ ಈ ಭಾವ.

ಇವರಿಗೆ ಚೀನಾದ ಮಂಚು ರಾಜವಂಶದ ಚರಿತ್ರೆಯ ಹುಚ್ಚು. ಅಲ್ಲೊಬ್ಬ ರಾಜಕುಮಾರ, ಹಾಲುಗಲ್ಲದ ಚಕ್ರವರ್ತಿಯ ಪರವಾಗಿ ರಾಜ್ಯ ಆಳಿದನಂತೆ. ಅದರ ಬಗ್ಗೆ ಒಂದು ಪುಸ್ತಕ ಓದಿದಂದಿನಿಂದ ನನ್ನ ಮಗ ಚಕ್ರವರ್ತಿ, ಇವರು ರಾಜಪ್ರತಿನಿಧಿ! ಅನ್ನ ತಿನ್ನಿಸುವ ಮೊದಲು ತಲೆಬಾಗಿ ಅಪ್ಪಣೆ ಕೇಳುತ್ತಾರೆ. ಚಕ್ರವರ್ತಿಗಳು ಬಾಯಿ ತೆರೆಯುತ್ತಾರೆ. ನಾನು ತಿನ್ನಿಸಿದರೆ ಉಗಿಯುತ್ತಾರೆ.

ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಪುಸ್ತಕ ನಾನೂ ಓದಿದೆ. ಆ ರಾಜಪ್ರತಿನಿಧಿ ಮಗುವಿನ ಸ್ವಂತ ಅಪ್ಪ! ಹಾಗಾದರೆ ಆ ಹುದ್ದೆ ಯಾರಿಗೆ ಸಲ್ಲಬೇಕು, ನೀವೇ ಹೇಳಿ. ಭಾವನನ್ನು ಕೇಳಿಯೇ ಬಿಟ್ಟೆ.

"ಅಪ್ಪ ಬುರೈದಾದಲ್ಲಿದ್ದರೆ ಎಂತ ಮಾಡುವುದು ಮಾರಾಯ್ರೆ? ರಾಜ್ಯ ಖಾಲಿ ಬಿಡ್ಲಿಕ್ಕೆ ಆಗ್ತದಾ?" ಎಂದರು.

ಒಂದು ಶುಕ್ರವಾರ ಮಗನನ್ನು ಕ್ಷೌರಕ್ಕೆ ಕರೆದೊಯ್ದೆವು. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿದ್ದೇ ತಡ, ಬೊಬ್ಬೆ! ನಾನು ಹತ್ತಿರ ಹೋದರೆ ಒದ್ದ. ಭಾವ ಕೂದಲು ತುಂಬಿದ ನೆಲದ ಮೇಲೆ ಮಂಡಿಯೂರಿ ಅವನ ಕಾಲು ಹಿಡಿದರು. "ಅಳಬೇಡ ದೊರೆ, ಈಗ ಮುಗೀತದೆ." ಪಟ್ಟಾಭಿಷೇಕದ ದಿನ ಆ ರಾಜಕುಮಾರನೂ ಅಳುವ ಮಗನ ಪಕ್ಕ ಮಂಡಿಯೂರಿ ಹೀಗೇ ಸಮಾಧಾನ ಮಾಡಿದ್ದನಂತೆ. ಆ ಮಾತೇ ಫಲಿಸಿತೋ ಏನೋ, ಮೂರೇ ವರ್ಷದಲ್ಲಿ ರಾಜವಂಶವೇ ಮುಗಿಯಿತು. ಇವರ ಆಳ್ವಿಕೆಯೂ ಬೇಗ ಮುಗಿಯಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ.

ದೇವರು ಕೇಳಿಸಿಕೊಂಡ. ನನಗೆ ಖೋಬರಿಗೇ ವರ್ಗವಾಯಿತು! ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದರೆ ಭಾವ ಪೆಟ್ಟಿಗೆ ಕಟ್ಟುತ್ತಿದ್ದರು. "ಕಂಪನಿ ರೂಮಿಗೆ ಹೋಗ್ತೇನೆ ಭಾವ. ಇನ್ನು ನೀವಿದ್ದೀರಲ್ಲ."

"ಅಲ್ಲ, ಪದವಿ ಬಿಟ್ಟ ಮೇಲೆ ನಿಮ್ಮ ರಾಜಕುಮಾರ ಎಂತ ಮಾಡಿದ?" ನಾನು ಕೆಣಕಿದೆ.

"ಖುಷಿಯಲ್ಲೇ ಮನೆಗೆ ಹೋದ. ಇನ್ನು ಮಕ್ಕಳನ್ನು ಎತ್ತಿಕೊಂಡು ಕೂರಬಹುದು ಅಂತ." ಮಗನ ಒಂದು ಪುಟ್ಟ ಅಂಗಿ ಅವರ ಬಟ್ಟೆಗಳ ನಡುವೆ ಸೇರಿಹೋಗಿತ್ತು. ತೆಗೆದು ಮಡಚಿ ಬದಿಗಿಟ್ಟರು. "ಅವನಿಗೆಂತ ಭಾವ, ಮನೆಯಲ್ಲಿ ಇನ್ನೊಬ್ಬ ಮಗ ಇದ್ದ."

ಇಷ್ಟು ದಿನ ಹೊಟ್ಟೆ ಉರಿಯಬೇಕಾದದ್ದು ಯಾರಿಗೆ, ಉರಿದದ್ದು ಯಾರಿಗೆ!

ಪೆಟ್ಟಿಗೆಯನ್ನು ಕಸಿದು ಮಂಚದ ಕೆಳಗೆ ತಳ್ಳಿದೆ. "ಚಕ್ರವರ್ತಿಗೆ ಕೂದಲು ಬೆಳೆದಿದೆ ಭಾವ. ನನ್ನಿಂದ ಆಗ್ಲಿಕ್ಕಿಲ್ಲ. ನೀವೇ ಮಂಡಿಯೂರಬೇಕು."

ಅಷ್ಟರಲ್ಲಿ ಮಗ "ಮಾಮಾ" ಎಂದು ಕೂಗುತ್ತಾ ನನ್ನನ್ನು ದಾಟಿ ಓಡಿ ಅವರ ಕುತ್ತಿಗೆಗೆ ಜೋತುಬಿದ್ದ. ಆಗಲೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೂ ಆ ಕೈಗಳನ್ನು ನಾನು ಬಿಡಿಸಲಿಲ್ಲ.