ಮೀಸೆಗೆ ಯಥಾಸ್ಥಿತಿ

ಮೀಸೆ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮೀಸೆ ಉಳಿಯುತ್ತಿತ್ತು. ಮಗಳು ಮೆಚ್ಚಿದ ಹುಡುಗನ ಮನೆಯವರು ಸಂಜೆ ಮಾತುಕತೆಗೆ ಬರುವವರಿದ್ದರು. ಮೀಸೆಗೊಂದು ಒಪ್ಪ ಕೊಡಿಸಲೆಂದೇ ಅವರು ಕ್ಷೌರದಂಗಡಿಗೆ ಬಂದದ್ದು. ಅಲ್ಲಿ ರೇಡಿಯೋ, ಸರ್ವೋಚ್ಚ ನ್ಯಾಯಾಲಯದ ಅಧಿಕಾರಕ್ಕೆ ಕತ್ತರಿ ಹಾಕುವ ಹೊಸ ಮಸೂದೆಯ ಸುದ್ದಿ ಓದುತ್ತಿತ್ತು.

"ಹಾಕ್ಲೇಬೇಕು!" ಎಂದರು ಮೇಷ್ಟ್ರು, ಮುಖದ ತುಂಬ ನೊರೆ. "ನಾವು ಓಟು ಹಾಕಿ ಕಳಿಸಿದೋರು ಮಾಡಿದ ಕಾನೂನನ್ನ, ಯಾರೂ ಆರಿಸದ ನಾಲ್ಕು ಜನ ಕೂತು ಹೊಡೆದು ಹಾಕೋದಾ? ಬಹುಮತದ ಮಾತೇ ಕೊನೇ ಮಾತು."

"ಬಹುಮತ ತಪ್ಪು ಮಾಡಿದ್ರೆ?" ಎಂದ ಕ್ಷೌರಿಕ.

"ಮಾಡಲ್ಲಪ್ಪ. ಅದಕ್ಕೇ ಅದು ಬಹುಮತ."

ಬೆಂಚಿನ ಮೇಲಿದ್ದ ಪ್ಲಂಬರ್ ಎದ್ದು ನಿಂತ. "ಹಾಗಾದ್ರೆ ನಂದೂ ಒಂದು ಮಸೂದೆ. ಮೇಷ್ಟ್ರ ಮೀಸೆ ಸವೆದ ಪೊರಕೆ ಥರ ಇದೆ, ತೆಗೀಬೇಕು. ಯಾರ್ಯಾರು ಕೈ ಎತ್ತೀರಿ?"

ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಬೇಕರಿಯವನು ಎತ್ತಿದ, ಅವನ ಭಾವಮೈದ ಎತ್ತಿದ. ಕ್ಷೌರಿಕ ಕತ್ತಿ ಹಿಡಿದ ಕೈಯನ್ನೇ ಎತ್ತಿದ. ಮೇಷ್ಟ್ರು ಇನ್ನೂ ನಗುತ್ತಿದ್ದರು. ಆ ಕೈ ಇಳಿದದ್ದು ಸೀದಾ ಅವರ ಮೂಗಿನ ಕೆಳಗೆ. ಸರಕ್ಕನೆ ಎಡಭಾಗ ಹಾರಿಹೋಯಿತು.

"ಅಯ್ಯೋ ಪಾಪಿ! ಇದು ನನ್ನ ಮೀಸೆ ಕಣೋ!"

"ಬಹುಮತ ಸಾರ್. ನಾನೇನ್ ಮಾಡ್ಲಿ?"

ಮೂಲೆಯಲ್ಲಿ ಪತ್ರಿಕೆಯ ಹಿಂದೆ ಊರಿಗೆ ಹೊಸಬರಾದ ಮುದುಕರೊಬ್ಬರಿದ್ದರು. ನಿವೃತ್ತ ನ್ಯಾಯಾಧೀಶರೆಂದು ಕ್ಷೌರಿಕ ಆಗಲೇ ಪಿಸುಗುಟ್ಟಿದ್ದ. ಮೇಷ್ಟ್ರು ಅವರತ್ತ ತಿರುಗಿದರು. "ಸ್ವಾಮಿ, ನೀವಾದ್ರೂ ಹೇಳಿ! ಎಲ್ರೂ ಸೇರಿ ಕೈ ಎತ್ತಿದ ಮಾತ್ರಕ್ಕೆ ಒಬ್ಬನ ಮೀಸೆ ಬೋಳಿಸ್ಬಹುದಾ?"

"ಕೂಡದು."

ಮೇಷ್ಟ್ರ ಕಣ್ಣು ತುಂಬಿತು. ಕೈ ಎಣಿಸದವರು ಒಬ್ಬರಾದರೂ ಇದ್ದಾರಲ್ಲ!

"ಆದ್ರೆ ಎರಡೂ ಕಡೆ ವಾದ ಕೇಳ್ಬೇಕು," ಎಂದರು ಮುದುಕರು. "ಬರೋ ವಾರ ಬರ್ತೀನಿ. ಅಲ್ಲೀವರೆಗೆ ಯಥಾಸ್ಥಿತಿ. ಈಗ ಹೇಗಿದೆಯೋ ಹಾಗೇ ಇರ್ಲಿ. ಒಂದು ಕೂದಲೂ ಅಲ್ಲಾಡ್ಬಾರ್ದು."

"ಹಾಗೇ ಅಂದ್ರೆ... ಅರ್ಧ?"

ಕ್ಷೌರಿಕ ವಿಧೇಯನಾಗಿ ಕತ್ತಿ ಮಡಚಿಟ್ಟ.

ಮೇಷ್ಟ್ರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಓಡಿದರು. ಆ ಬಹುಮತವೂ ಬೇಡ, ಈ ತೀರ್ಪೂ ಬೇಡ ಎಂದು ಉಳಿದರ್ಧವನ್ನು ತಾವೇ ಬೋಳಿಸಿಕೊಂಡರು. ಕನ್ನಡಿಯಲ್ಲಿ ಸಿಪ್ಪೆ ಸುಲಿದ ಆಲೂಗಡ್ಡೆಯೊಂದು ಪೆಚ್ಚಾಗಿ ನೋಡಿತು.

ಸಂಜೆ ಹುಡುಗ ಒಪ್ಪಿದ್ದ, ಮಗಳು ಒಪ್ಪಿದ್ದಳು. "ನಮ್ಮೆಲ್ಲರದೂ ಒಪ್ಪಿಗೆ," ಎಂದರು ಹುಡುಗನ ತಾಯಿ. "ಕೊನೇ ಮಾತು ಮಾತ್ರ ನಮ್ಮ ದೊಡ್ಡಣ್ಣಂದು. ಚಪ್ಪಲಿ ಬಿಡ್ತಿದ್ರು... ಹಾಂ, ಬಂದ್ರು."

ಬಾಗಿಲಲ್ಲಿ ಅದೇ ಮುದುಕರು. ಮೇಷ್ಟ್ರ ಕೈ ತುಟಿ ಮುಚ್ಚುವಷ್ಟರಲ್ಲಿ ಅವರ ಕಣ್ಣು ಅಲ್ಲಿ ಕೂತಾಗಿತ್ತು.

"ಯಥಾಸ್ಥಿತಿ ಅಂದಿದ್ದೆ."

"ಸ್ವಾಮಿ, ಇಷ್ಟು ಜನ ಒಪ್ಪಿದ್ಮೇಲೆ... ಬಹುಮತದ ಮಾತೇ..." ಬೆಳಗಿನ ತಮ್ಮದೇ ಮಾತು ಬಾಯಿಗೆ ಬಂದದ್ದು ಹೊಳೆದು ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು.

ಮುದುಕರು ಕುರ್ಚಿಗೆ ಒರಗಿದರು. "ಮದುವೆ ವಿಷಯದಲ್ಲೂ ಯಥಾಸ್ಥಿತಿ. ಮೊದಲು ಮೀಸೆ ಬೆಳೀಲಿ, ಆಮೇಲೆ ವಿಚಾರಣೆ."

ಮಗಳು ಅಪ್ಪನ ಮೇಲ್ತುಟಿಯನ್ನೇ ನೋಡುತ್ತ ನಿಂತಳು, ಬೀಜ ಬಿತ್ತಿ ಮೊಳಕೆಗೆ ಕಾದವಳ ಹಾಗೆ.