ತೆಳು ಬೀಮುಗಳ ಮೇಲೆ ಮಾವನ ಗುಮಾನಿ

ಮಾನ್ಯ ಓದುಗರೇ,

ಇದು ನನ್ನ ಪ್ರಥಮ ಬರಹವಾದುದರಿಂದ ಕಾಗುಣಿತದ ಲೋಪಗಳನ್ನೂ ಅಕ್ಷರಗಳ ವಕ್ರತೆಯನ್ನೂ ಮನ್ನಿಸಬೇಕಾಗಿ ಪ್ರಾರ್ಥನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನನ್ನ ಸೋದರಮಾವ ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡಿದವರಲ್ಲ. ಮೊದಲು ತಲೆಯೆತ್ತಿ ಮಾಡು, ಎಂದರೆ ಛಾವಣಿ, ನೋಡುವರು.

ಅವರು ಮಣಿಪಾಲದ ಕಾಲೇಜೊಂದರಲ್ಲಿ ಕಟ್ಟಡಶಾಸ್ತ್ರದ ಅಧ್ಯಾಪಕರಾಗಿದ್ದವರು. ತೆಳು ಉಕ್ಕಿನ ಬೀಮುಗಳ ಮೇಲೆ ಅವರಿಗಿದ್ದಷ್ಟು ಗುಮಾನಿ ಪೊಲೀಸರಿಗೆ ಕಳ್ಳರ ಮೇಲೂ ಇರಲಿಕ್ಕಿಲ್ಲ. “ಭಾರಕ್ಕೆ ಕೆಳಗೆ ಬಾಗುವ ಬೀಮು ಮರ್ಯಾದಸ್ಥ. ತೆಳುವಾದದ್ದು ಹಾಗಲ್ಲ, ಬಾಗುವ ಮೊದಲೇ ಪಕ್ಕಕ್ಕೆ ಜಾರಿ ತಿರುಚಿಕೊಳ್ಳುತ್ತದೆ” ಎನ್ನುವರು. ಪುರಾವೆಗೆ ಕಿಸೆಯಲ್ಲಿ ಸದಾ ಒಂದು ಗರಗಸದ ಬ್ಲೇಡು. ಉಡುಪಿಯಿಂದ ನನ್ನನ್ನು ನೋಡಲು ಬಂದ ವರನ ತಂದೆಯ ಕೈಗೂ ಅದನ್ನು ಕೊಟ್ಟು, ಅಂಚಿನ ಮೇಲೆ ಹಿಡಿಸಿ, ತುದಿಗೆ ಬೀಗದ ಗೊಂಚಲು ತೂಗಿಸಿದರು. ಬ್ಲೇಡು ಹೊರಳಿತು. ಸಂಬಂಧವೂ!

ಕಾರ್ಕಳದ ಒಂದು ಮದುವೆಯಲ್ಲಂತೂ ಮಾವ ಸಭಾಂಗಣದ ಬೀಮು ನೋಡಿದವರೇ ಊಟದ ಎಲೆ ಎತ್ತಿಕೊಂಡು ಹೊರಗೆ ಬಾವಿಕಟ್ಟೆಯಲ್ಲಿ ಕುಳಿತರು. ಬಡಿಸುವವರು ಸಾರಿನ ಪಾತ್ರೆ ಹಿಡಿದು ಅಂಗಳಕ್ಕೆ ಓಡಬೇಕಾಯಿತು.

“ಒಳಗೆ ಜಾಗ ಉಂಟಲ್ಲ ಮಾರಾಯ್ರೆ?”

“ಜಾಗ ಉಂಟು. ಬೀಮಿಗೆ ಪಕ್ಕದ ಹಿಡಿತ ಇಲ್ಲ.”

ಹೋಳಿಗೆ ಬಾವಿಕಟ್ಟೆ ತಲುಪುವಷ್ಟರಲ್ಲಿ ಮುಗಿದಿತ್ತು. ಮಾಡು ಇಂದಿಗೂ ಬಿದ್ದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಅಣ್ಣ ಇದ್ದ ನೌಕರಿ ಬಿಟ್ಟು ಕಾಪುವಿನಲ್ಲಿ ದೋಣಿ ಎಂಜಿನ್ ರಿಪೇರಿಯ ಶೆಡ್ಡು ತೆರೆದ. ಎಂಜಿನ್ ಎತ್ತುವ ಚೈನು ತೂಗಿಸಲು ನಡುವೆ ಉದ್ದನೆಯ ತೆಳು ಬೀಮು. ಅದನ್ನು ಎರಡೂ ಪಕ್ಕದಿಂದ ಹಿಡಿದಿದ್ದ ಉಕ್ಕಿನ ಪಟ್ಟಿಗಳು ದಂಡವೆಂದು ಅಣ್ಣ ಅವನ್ನು ಕತ್ತರಿಸಿ ಕಿಟಕಿಗೆ ಸರಳು ಮಾಡಿಸಿದ್ದ. ಭಾರ ಹೊರುವುದು ಬೀಮು ತಾನೆ? ಪಟ್ಟಿಗೆ ಎಂತ ಕೆಲಸ?

ಮೊದಲ ಎಂಜಿನ್ ಎತ್ತುವ ದಿನ ಮಾವ ಹಾಜರಾದರು.

“ಬೀಮಿನ ಪಟ್ಟಿ ಎಲ್ಲಿ?”

“ಕಿಟಕಿಯಲ್ಲಿ ಉಂಟು ಮಾವ. ಅದೂ ಹೊರಳಬಾರದಲ್ವಾ?”

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

“ಇಂದು ಎತ್ತಬೇಡ ಮಗಾ.”

“ಎಂಜಿನ್ ತಂದ ಹೆಜಮಾಡಿಯ ಸಾಹುಕಾರರು ಕಾಯ್ತಿದ್ದಾರೆ. ಇವತ್ತು ಎತ್ತದಿದ್ದರೆ ನಾಳೆ ಯಾರೂ ಬರುವುದಿಲ್ಲ. ನೀವು ಹೊರಗೆ ಕೂತುಕೊಳ್ಳಿ, ಚಾ ಕಳಿಸ್ತೇನೆ.”

ಮಾವ ಹೊರಗೆ ಹೋಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಬೀಮಿನ ಪಕ್ಕದ ಅಟ್ಟಕ್ಕೆ ಏರಿ, ಹಲ್ಲಿಯಂತೆ ಬೋರಲು ಮಲಗಿ, ಬೀಮಿನ ಮೇಲಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. “ಅಧ್ಯಾಪಕರು ಬೀಮಿಗೆ ಹಾಲು ಕುಡಿಸ್ತಿದ್ದಾರಾ?” ಎಂದು ಸಾಹುಕಾರರು ಕೇಳಿದರು. ಪುನಃ ನಗು.

ಎಂಜಿನ್ ಮೊಳದಷ್ಟು ಮೇಲೇರಿತು. ಬೀಮು ಕಿರ್ರೆಂದು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದು, ಅಲ್ಲೇ ನಿಂತಿತು. ಮಾವ ಅಟ್ಟದಿಂದಲೇ ಹೇಳಿದರು:

“ನಿಧಾನ ಇಳಿಸು. ಪಕ್ಕಕ್ಕೆ ಜಾರದಂತೆ ತಡೆಯಲು ಹೆಚ್ಚು ಬಲ ಬೇಡ, ನಾನು ಹಿಡಿದಿದ್ದೇನೆ.”

ಎಂಜಿನ್ನಿಗೆ ತಾಗಿ ಕೂತು ಚೈನು ಎಳೆಯುತ್ತಿದ್ದವನು ಅಣ್ಣನೆಂಬುದು ನನಗೆ ಆಗ ಕಾಣಿಸಿತು. ಅವನು ಒಂದೊಂದೇ ಕೊಂಡಿ ಬಿಟ್ಟು ಇಳಿಸಿದ. ಎಂಜಿನ್ ನೆಲ ಮುಟ್ಟಿದ ಮೇಲೆಯೇ ಮಾವ ಕೈ ಬಿಟ್ಟರು.

ತೆಳು ಅಂಚು ಎರಡೂ ಅಂಗೈಗಳನ್ನು ಕೊಯ್ದಿತ್ತು. ಆ ಮಧ್ಯಾಹ್ನ ಅಣ್ಣನೇ ಅನ್ನ ಕಲಸಿ ಮಾವನಿಗೆ ಉಣ್ಣಿಸಿದ. ನಾನು ಮಜ್ಜಿಗೆ ತರುವ ನೆವದಲ್ಲಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ, ಮಾವನ ಕೈ ಸೇರುವ ಮೊದಲು ದಯವಿಟ್ಟು ತಿದ್ದಿಕೊಡಬೇಕಾಗಿ ವಿನಂತಿ.