ಬೈಯೋರಿಲ್ಲದ ದೊಡ್ಡಜ್ಜ

ನಮ್ಮ ದೊಡ್ಡಜ್ಜನಂಥ ಕಳ್ಳ ಇಡೀ ಧರ್ಮಪುರ ಹೋಬಳಿಯಲ್ಲೇ ಇಲ್ಲ! ಹೀಗಂದರೆ ಅಮ್ಮ ನನ್ನ ಬಾಯಿಗೆ ಹೊಡೆಯುತ್ತಾಳೆ. ಅವನು ನನ್ನ ತಾತನ ಅಣ್ಣ, ನೂರು ದಾಟಿದ್ದಾನೆ, ಹಲ್ಲು ಪೂರಾ ಹೋದರೂ ಗುದ್ದಲಿ ಬಿಟ್ಟಿಲ್ಲ. ಅದಕ್ಕೇನೀಗ? ಕಳ್ಳನನ್ನು ಕಳ್ಳ ಅನ್ನದೆ ಇನ್ನೇನನ್ನಲಿ?

ಹೋದ ಕಾರ್ತೀಕದಲ್ಲಿ ಹಾಡಹಗಲೇ ಯಾರದೋ ಹೊಲಕ್ಕೆ ನುಗ್ಗಿ, ಹೊಲದವನ ಕಣ್ಣೆದುರಿಗೇ ಶೇಂಗಾ ಗಿಡ ಕೀಳತೊಡಗಿದ. ಹೊಲದವನು ಓಡಿ ಬಂದ. ಸರಿ, ಇವತ್ತು ಮರ್ಯಾದೆ ಹೋಯಿತು ಅಂದುಕೊಂಡೆ.

"ಅಜ್ಜಾರೇ, ಬಿಸ್ಲಾಗೆ ನೀವ್ಯಾಕೆ ಬಗ್ತೀರಿ? ಕುಂತ್ಕಳ್ರಿ, ನಾ ಕಿತ್ಕೊಡ್ತೀನಿ!"

ಅರ್ಧ ಚೀಲ ಕಾಯಿ ಮನೆಗೇ ಬಂತು. ದೊಡ್ಡಜ್ಜ ಒಂದನ್ನೂ ಮುಟ್ಟಲಿಲ್ಲ. "ಥೂ, ಅವನೂ ಒಬ್ಬ ಗಂಡಸಾ!" ಅಂತ ಗೊಣಗಿಕೊಂಡು ಮಲಗಿದ.

ಇನ್ನೊಂದು ಸಲ ಹಿರಿಯೂರಿನ ಬಸ್ಸಿಗೆ ಅಡ್ಡ ನಿಂತ. ಡ್ರೈವರ್ ಹಾರನ್ ಒತ್ತಿದ್ದೇ ಒತ್ತಿದ್ದು, ಇವನು ಅಲುಗಲಿಲ್ಲ. ಕಂಡಕ್ಟರ್ ಇಳಿದು ಬಂದು ಏನು ಮಾಡಿದ ಗೊತ್ತೇ? ಕಾಲಿಗೆ ಬಿದ್ದ! ಹಿಂದೆಯೇ ಪ್ರಯಾಣಿಕರೆಲ್ಲ ಸಾಲು ನಿಂತರು. ಬಸ್ಸು ಹೊರಟಾಗ ದೊಡ್ಡಜ್ಜನ ಮುಖ ಹುಳ್ಳಗಾಗಿತ್ತು.

"ಏನಜ್ಜ ನಿನ್ ಸಂಕ್ಟ?" ಅಂದೆ.

"ಯಾರೂ ಬೈಯಲ್ಲ ಕಣವ್ವ."

ಬೈಯುತ್ತಿದ್ದವನು ಬದುವಿನಾಚೆಯ ಹೊಲದ ಸಣ್ಣೀರಜ್ಜ. ಮೀಸೆ ಚಿಗುರಿದಾಗಿನಿಂದ ಇಬ್ಬರದೂ ಒಂದೇ ಜಗಳ. ನಮ್ಮವನು ಬೆಳಿಗ್ಗೆ ಬದು ಕೆರೆಯುವುದು, ಅವನು ಮಧ್ಯಾಹ್ನ ಮಣ್ಣು ವಾಪಸ್ ಹಾಕುವುದು, ಇಬ್ಬರೂ ಹೊಂಗೆಮರದಡಿ ಕೂತು ಒಂದೇ ಬೀಡಿ ಸೇದುವುದು! ಸಣ್ಣೀರಜ್ಜ ತೀರಿಕೊಂಡು ಎರಡು ವರ್ಷವಾಯಿತು. ಅವನ ಮಗ ಬಲು ಒಳ್ಳೆಯವನು. "ಒಂದಡಿ ಹೋದ್ರೆ ಹೋಗ್ಲಿ ಬಿಡ್ರಿ, ದೊಡ್ಡೋರು" ಅನ್ನುತ್ತಾನೆ. ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ!

"ನೀನಾದ್ರೂ ಬೈಯವ್ವ, ನಿನ್ ಬಾಯಿ ಊರಿಗೇ ಗೊತ್ತೈತೆ" ಅಂದ ದೊಡ್ಡಜ್ಜ. ಬಾಯಿ ತೆರೆದೆ. ಅವನ ಬೆಳ್ಳಗಾದ ರೆಪ್ಪೆ ನೋಡಿದೆ. "ಉಣ್ಣಾಣ ನಡಿಯಜ್ಜ" ಅಂತಷ್ಟೇ ಬಂತು. ಅವನು ಗುದ್ದಲಿ ಎತ್ತಿಕೊಂಡು ಹೋದ.

ಮೊನ್ನೆ ಮಜ್ಜಿಗೆ ತಗೊಂಡು ಹೊಲಕ್ಕೆ ಹೋದೆ. ದೊಡ್ಡಜ್ಜ ಬದುವಿನ ಆಚೆ ನಿಂತಿದ್ದ. ತಾನೇ ಕೆರೆದ ಮಣ್ಣನ್ನು ತಾನೇ ವಾಪಸ್ ಹಾಕುತ್ತ, ಸಣ್ಣೀರಜ್ಜನ ಗೊಗ್ಗರು ದನಿಯಲ್ಲಿ ಕೂಗುತ್ತಿದ್ದ: "ಲೇ ಕಳ್ಳ! ನಿಮ್ಮಪ್ಪನ ಬದುವೇನೋ ಇದು?"

ಕೂಗಿ, ಗುದ್ದಲಿ ಊರಿ, ನಮ್ಮ ಹೊಲದ ಕಡೆ ನೋಡುತ್ತ ಕಾದ. ಉತ್ತರ ಎಲ್ಲಿಂದ ಬರಬೇಕು? ಕೊಡಬೇಕಾದವನೇ ಬದು ದಾಟಿ ಆಚೆ ನಿಂತಿದ್ದಾನೆ!

ನಗು ಬಂತು, ಹಿಂದೆಯೇ ಅಳುವೂ ಬಂತು. ಮಜ್ಜಿಗೆ ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಸೆರಗು ಸಿಕ್ಕಿಸಿ ಬದು ದಾಟಿದೆ. ಗುದ್ದಲಿ ಕಿತ್ತುಕೊಂಡೆ.

"ಲೇ ಕಳ್ಳ ಮುದುಕಾ! ಇದು ನನ್ ಕಡೆ. ಹೋಗಲೇ ನಿನ್ ಕಡೆಗೆ! ನಾಳೆ ಒಂದ್ ಹೆಂಟೆ ಮಣ್ಣು ಮುಟ್ಟಿದ್ರೂ ಕೈ ಮುರಿತೀನಿ!"

ದೊಡ್ಡಜ್ಜ ನನ್ನನ್ನೇ ದಿಟ್ಟಿಸಿದ. ನಿಧಾನಕ್ಕೆ ಬದು ದಾಟಿ ತನ್ನ ಹೊಲದಲ್ಲಿ ನಿಂತ. ಆಮೇಲೆ ಬೊಚ್ಚುಬಾಯಿ ಅಗಲ ತೆರೆಯಿತು.

"ನಾಳೆ ಯಾಕಲೇ? ಇವತ್ತೇ ಕೆರಿತೀನಿ! ಏನ್ ಕಿತ್ಕಂತೀಯೋ ಕಿತ್ಕ!"

ಬೈದಾಡಿ ಬೈದಾಡಿ ಇಬ್ಬರಿಗೂ ಸುಸ್ತಾಯಿತು. ಹೊಂಗೆಮರದಡಿ ಕೂತೆವು. ಅವನು ಬೀಡಿ ಹಚ್ಚಿ, ಎರಡು ದಮ್ಮು ಎಳೆದು, ನನ್ನ ಕಡೆ ಚಾಚಿದ.

ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ ನಾನು. ಕೈ ಚಾಚಿ ಇಸಕೊಂಡೆ.